ಕಾಡಂಚಿನ ಮರಗೆಲಸಕ್ಕೆ ಯಾವ ಚಾಕು, ಯಾವ ಗರಗಸ?

ಹಾವೇರಿ: ಮಾವಿನ ಟೊಂಗೆಯಿಂದ ಸೌಟು ಕೆತ್ತುವುದು, ಊರುಗೋಲು ಹದ ಮಾಡುವುದು, ಬಿದಿರು ಸೀಳಿ ಚಪ್ಪರ ಕಟ್ಟುವುದು ಹಳ್ಳಿಗರ ಪಾಲಿಗೆ ಬಿಡುವಿನ ವೇಳೆಯ ಕೆಲಸಗಳಾಗಿದ್ದವು. ನಗರದವರು ಈಗ ಅವನ್ನು ಹವ್ಯಾಸವಾಗಿ ಕಲಿಯಲು ಹಂಬಲಿಸುತ್ತಿದ್ದಾರೆ. ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆಗಳಿಂದ ವಾರಾಂತ್ಯಕ್ಕೆ ಹೊರಡುವವರಿಗೆ ಹಾನಗಲ್, ಶಿಗ್ಗಾವಿ, ಸವಣೂರು ಹಾಗೂ ಹಿರೇಕೆರೂರು ತಾಲ್ಲೂಕುಗಳು ಅನುಕೂಲಕರ ತಾಣಗಳು. ಮಲೆನಾಡಿನ ಸೆರಗು ಹಾಗೂ ಬಯಲುಸೀಮೆಯ ಅಂಚು ಇಲ್ಲಿ ಒಂದೇ ದಿನದ ಪ್ರಯಾಣದಲ್ಲಿ ಕಾಣಸಿಗುತ್ತವೆ. ಆದರೆ ಹೊರಡುವ ಮುನ್ನ ಚೀಲಕ್ಕೆ ಯಾವ ಹತ್ಯಾರ ಹಾಕಿಕೊಳ್ಳಬೇಕು ಎಂಬ ಪ್ರಶ್ನೆ ಎದುರಾದೊಡನೆ ಹೆಚ್ಚಿನವರು ಎಡವುತ್ತಾರೆ.

ಎಡವುವುದಕ್ಕೆ ಕಾರಣವೂ ಇದೆ. ಅಂತರ್ಜಾಲದ ಮಳಿಗೆಗಳಲ್ಲಿ ಕಣ್ಣಿಗೆ ಮೊದಲು ಬೀಳುವುದು ಒಂದಡಿ ಉದ್ದದ, ಕಪ್ಪು ಬಣ್ಣ ಬಳಿದ, ಬೆನ್ನ ಮೇಲೆ ಗರಗಸದ ಹಲ್ಲು ಕೊರೆದ ಚೂರಿ. ಚಲನಚಿತ್ರದ ನಾಯಕನ ಸೊಂಟದಲ್ಲಿ ಅದು ಶೋಭಿಸೀತು, ಮರಗೆಲಸಕ್ಕೆ ಮಾತ್ರ ಉಪಯೋಗವಿಲ್ಲ. ಬೆನ್ನಿನ ಹಲ್ಲುಗಳು ದಪ್ಪನೆಯ ಲೋಹದಲ್ಲಿ ಇರುವುದರಿಂದ ಮರದೊಳಗೆ ಎರಡು ಬೆರಳು ಇಳಿಯುವಷ್ಟರಲ್ಲಿ ಸಿಕ್ಕಿಕೊಳ್ಳುತ್ತವೆ. ಇನ್ನು ಒಂಬತ್ತು ಅಂಗುಲ ಮೀರಿದ ಅಲಗು ಕಾನೂನಿನ ಕಣ್ಣಿನಲ್ಲಿ ಬೇರೆಯೇ ಆದ ವಸ್ತು. ಆ ವಿಷಯಕ್ಕೆ ಮುಂದೆ ಬರೋಣ.

ಅಮೆರಿಕದ ಜಾರ್ಜ್ ವಾಷಿಂಗ್ಟನ್ ಸಿಯರ್ಸ್ 'ನೆಸ್ಮಕ್' ಎಂಬ ಹೆಸರಿನಲ್ಲಿ ಬರೆದು 1884ರಲ್ಲಿ ಪ್ರಕಟಿಸಿದ 'ವುಡ್‌ಕ್ರಾಫ್ಟ್' ಎಂಬ ಪುಸ್ತಕವನ್ನು ಈ ಹವ್ಯಾಸದ ಆದಿಗ್ರಂಥಗಳಲ್ಲಿ ಒಂದೆಂದು ಪರಿಗಣಿಸಲಾಗುತ್ತದೆ. ಆತ ಒಯ್ಯುತ್ತಿದ್ದುದು ಮೂರೇ ವಸ್ತು: ಪುಟ್ಟ ಕೊಡಲಿ, ತೆಳು ಅಲಗಿನ ಒರೆಚಾಕು, ಜೇಬಿನ ಮಡಿಚುಚಾಕು. ಅಂಗಡಿಗಳಲ್ಲಿ ಮೆರೆಯುತ್ತಿದ್ದ ದಪ್ಪ ಬೇಟೆಚೂರಿಗಳ ಬಗ್ಗೆ ಆತನಿಗೆ ಗೌರವವಿರಲಿಲ್ಲ. ನೂರನಲವತ್ತು ವರ್ಷಗಳ ನಂತರವೂ ಮಾರುಕಟ್ಟೆಯ ಸ್ಥಿತಿ ಹೆಚ್ಚೇನೂ ಬದಲಾಗಿಲ್ಲ ಎನ್ನಬೇಕು.

ಮೂಲಸೂತ್ರ ಸರಳವಾಗಿದೆ. ಮರವನ್ನು ಅಡ್ಡಲಾಗಿ ತುಂಡರಿಸುವುದು ಗರಗಸದ ಕೆಲಸ. ನಾರಿನ ಗುಂಟ ಉದ್ದಕ್ಕೆ ಸೀಳುವುದು ಕೊಯ್ತಾ ಅಥವಾ ಕೊಡಲಿಯ ಕೆಲಸ. ಸೀಳಿದ್ದಕ್ಕೆ ರೂಪ ಕೊಡುವುದು ಚಾಕುವಿನ ಕೆಲಸ. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಲು ಹೊರಟಾಗಲೇ ಹತ್ಯಾರ ಮುರಿಯುವುದು, ಕೈ ಕೊಯ್ದುಕೊಳ್ಳುವುದು.

ಮರ ಯಾವುದೆಂದು ಮೊದಲು ತಿಳಿಯಿರಿ

ನಾಲ್ಕು ತಾಲ್ಲೂಕುಗಳ ಮರಗಳೂ ಒಂದೇ ಬಗೆಯವಲ್ಲ. ಮಳೆ ಹೆಚ್ಚು ಬೀಳುವ ಹಾನಗಲ್ಲಿನ ಪಶ್ಚಿಮ ಭಾಗದಲ್ಲಿ ಸಾಗವಾನಿ, ಮತ್ತಿ, ಬಿದಿರು ಕಾಣುತ್ತವೆ. ತಾಲ್ಲೂಕಿನ ಮಾವಿನ ತೋಟಗಳು ಪ್ರಸಿದ್ಧವಾಗಿದ್ದು, ಕೊಯ್ಲು ಮುಗಿದ ಮೇಲೆ ಸವರುವ ಟೊಂಗೆಗಳು ಕಲಿಯುವವರಿಗೆ ಅತ್ಯುತ್ತಮ ಸಾಮಗ್ರಿ. ಹಸಿ ಮಾವು ಚಾಕುವಿಗೆ ಸುಲಭವಾಗಿ ಒಗ್ಗುತ್ತದೆ. ತೋಟದ ಮಾಲೀಕರನ್ನು ಕೇಳಿದರೆ ಸೌದೆಗೆ ಹೋಗುವ ರಾಶಿಯಿಂದ ನಾಲ್ಕು ತುಂಡು ಕೊಡಲು ಯಾರೂ ಹಿಂಜರಿಯಲಾರರು. ಮಾವಿನ ಸೊನೆ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ ಎಂಬುದಷ್ಟೇ ಎಚ್ಚರ. ಕಾಡಿನ ಕೇರುಮರದ ಸೊನೆಯಾದರೋ ಮೈಮೇಲೆ ಸುಟ್ಟ ಗುಳ್ಳೆಗಳನ್ನೇ ಎಬ್ಬಿಸುತ್ತದೆ. ಅದನ್ನು ಗುರುತಿಸಲು ಬಾರದವರು ಹೆಸರು ತಿಳಿಯದ ಮರಕ್ಕೆ ಅಲಗು ತಾಗಿಸದಿರುವುದು ಒಳಿತು. ಕಣಗಿಲೆ ವಿಷಕಾರಿ ಗಿಡವಾದ್ದರಿಂದ ಸೌಟಿಗಾಗಲಿ, ಆಹಾರ ಚುಚ್ಚುವ ಕಡ್ಡಿಗಾಗಲಿ ಅದು ಕೂಡದು.

ಸವಣೂರಿನ ಕಡೆಗೆ ಬಂದರೆ ಜಾಲಿ, ಬೇವು, ಹುಣಸೆಗಳ ಸೀಮೆ. ಬಂಡಿ, ಕುಂಟೆ, ನೇಗಿಲುಗಳಿಗೆ ತಲೆಮಾರುಗಳಿಂದ ಬಳಕೆಯಾದ ಜಾಲಿ ಒಣಗಿದರೆ ಕಬ್ಬಿಣದಂತೆ ಬಿರುಸಾಗುತ್ತದೆ. ಸಣ್ಣ ಚಾಕು ಅದಕ್ಕೆ ಸೋಲುತ್ತದೆ. ಒಣ ಪ್ರದೇಶಗಳಲ್ಲೆಲ್ಲ ಹಬ್ಬಿರುವ ಬಳ್ಳಾರಿ ಜಾಲಿ ಸಹ ಅಷ್ಟೇ ಗಟ್ಟಿ, ಮುಳ್ಳಿನ ಕಾಟ ಬೇರೆ. ಆದರೆ ಅದು ನೆಲದವರಿಗೆ ಬೇಡವಾದ ಗಿಡವಾಗಿದ್ದು, ಗರಗಸ ಹಿಡಿದು ಅಭ್ಯಾಸ ಮಾಡಲು ಮಾಲೀಕರ ಒಪ್ಪಿಗೆ ಸುಲಭವಾಗಿ ದೊರೆಯುತ್ತದೆ.

ಸವಣೂರೆಂದರೆ ನೆನಪಾಗುವ ದೊಡ್ಡಹುಣಸೆ ಮರಗಳ ವಿಚಾರವನ್ನೂ ಇಲ್ಲಿ ಹೇಳಬೇಕು. ಆಫ್ರಿಕ ಮೂಲದ ಈ ಬೃಹತ್ ಬೇವೊಬ್ಯಾಬ್ ಮರಗಳು ಮೂರಿದ್ದವು. 2023ರ ಜುಲೈನಲ್ಲಿ ಒಂದು ನೆಲಕ್ಕುರುಳಿದಾಗ ಅದನ್ನು ಮತ್ತೆ ನೆಡುವ ಪ್ರಯತ್ನ ನಡೆಯಿತು. ಅಷ್ಟು ದಪ್ಪದ ಕಾಂಡವಿದ್ದರೂ ಒಳಗಿರುವುದು ನೀರು ಹೀರಿಕೊಂಡ ಸ್ಪಂಜಿನಂಥ ತಿರುಳು. ಕೆತ್ತನೆಗೆ ಅದು ಬಾರದು. ಹೀಗಿದ್ದೂ ಬಂದವರಲ್ಲಿ ಕೆಲವರು ಚಾಕು ತೆಗೆದು ತೊಗಟೆಯ ಮೇಲೆ ಹೆಸರು ಕೊರೆಯುವ ಚಾಳಿ ಬಿಟ್ಟಿಲ್ಲ ಎಂಬುದು ನಾಚಿಕೆಯ ಸಂಗತಿ.

ಕೆತ್ತನೆಗೆಂದೇ ಹೆಸರಾದ ಮರಗಳು ರಾಜ್ಯದಲ್ಲಿ ಬೇರೆ ಇವೆ. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಆಲೆಮರ ಮೃದು ಹಾಗೂ ಒಂದೇ ಹದದ ನಾರಿನದು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಕುಶಲಕರ್ಮಿಗಳು ಇನ್ನೂ ಹಗುರವಾದ ಮರವನ್ನು ಆಯ್ದುಕೊಳ್ಳುತ್ತಾರೆ. ಸಾಗವಾನಿಯ ವಿಚಾರ ಇದಕ್ಕೆ ತಿರುಗುಮುರುಗು. ಅದು ಸೀಳಲು ಸುಲಭ, ಆದರೆ ಮರದೊಳಗೆ ಮರಳಿನ ಅಂಶವಾದ ಸಿಲಿಕಾ ಇರುವುದರಿಂದ ಅಲಗು ಬೇಗ ಮೊಂಡಾಗುತ್ತದೆ.

ಚಾಕು: ಚಿಕ್ಕದೇ ಚೊಕ್ಕ

ಕೆತ್ತನೆಗೆ ಬೇಕಾದ ಅಲಗಿನ ಉದ್ದ 8ರಿಂದ 10 ಸೆಂಟಿಮೀಟರ್. ಅಂಗೈ ಅಗಲಕ್ಕಿಂತ ಬಹಳ ಉದ್ದವಾದರೆ ಮೊನೆ ಎಲ್ಲಿ ಹೋಗುತ್ತಿದೆ ಎಂಬ ಹಿಡಿತ ತಪ್ಪುತ್ತದೆ. ದಪ್ಪ ಎರಡೂವರೆ ಮಿಲಿಮೀಟರ್ ಆಸುಪಾಸು ಸಾಕು. ಸ್ವೀಡನ್ ದೇಶದ ಮೋರಾ ಪಟ್ಟಣದಲ್ಲಿ ತಯಾರಾಗುವ ಚಾಕುಗಳು ಜಗತ್ತಿನಾದ್ಯಂತ ಕಲಿಯುವವರ ಕೈ ಸೇರಿರುವುದಕ್ಕೆ ಈ ಸರಳ ಅಳತೆಯೇ ಕಾರಣ. ಅವುಗಳ ಅಲಗಿನ ಇಳಿಜಾರು ಅಗಲವಾಗಿ, ಚಪ್ಪಟೆಯಾಗಿ ಇರುವುದರಿಂದ ಮರದ ಮೇಲೆ ಉಜ್ಜುಗೊರಡಿನಂತೆ ಕೂರುತ್ತದೆ. ಸಾಣೆ ಹಿಡಿಯುವಾಗಲೂ ಅದೇ ಇಳಿಜಾರನ್ನು ಕಲ್ಲಿಗೆ ಒತ್ತಿದರಾಯಿತು, ಕೋನ ತಾನಾಗಿಯೇ ಸಿಗುತ್ತದೆ.

ಮಡಿಚುಚಾಕು ಒಯ್ಯುವವರು ನೋಡಬೇಕಾದುದು ಒಂದೇ: ತೆರೆದ ಅಲಗನ್ನು ಬಿಗಿಹಿಡಿಯುವ ಬೀಗ ಇದೆಯೇ? ಬೀಗವಿಲ್ಲದ ಚಾಕುವಿನ ಮೊನೆಯನ್ನು ಮರಕ್ಕೆ ಒತ್ತಿದರೆ ಅಲಗು ಹಿಂದಕ್ಕೆ ಮಡಿಚಿ ಬೆರಳುಗಳ ಮೇಲೆ ಬೀಳುತ್ತದೆ. 1890ರಿಂದ ತಯಾರಾಗುತ್ತಿರುವ ಫ್ರಾನ್ಸಿನ ಒಪಿನೆಲ್ ಚಾಕುವಿಗೆ 1955ರಲ್ಲಿ ತಿರುಗಿಸುವ ಬಳೆಯ ಬೀಗ ಸೇರಿಸಿದ್ದು ಇದೇ ಕಾರಣಕ್ಕೆ. ಬೀಗವಿದ್ದರೂ ಮಡಿಚುಚಾಕುವಿನ ಬೆನ್ನಿಗೆ ಕೊರಡಿನಿಂದ ಹೊಡೆದು ಸೌದೆ ಸೀಳಬಾರದು. ಕೀಲು ಸಡಿಲವಾಗುತ್ತದೆ.

ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕು ಒಳ್ಳೆಯದೋ, ಇಂಗಾಲದ ಉಕ್ಕು ಒಳ್ಳೆಯದೋ ಎಂಬ ಚರ್ಚೆಗೆ ಕೊನೆಯಿಲ್ಲ. ಹಾನಗಲ್ಲಿನ ಮಳೆಗಾಲದಲ್ಲಿ ಇಂಗಾಲದ ಉಕ್ಕು ಒಂದೇ ರಾತ್ರಿಯಲ್ಲಿ ಕೆಂಪಗಾಗುತ್ತದೆ. ಒರೆಸಿ ಎಣ್ಣೆ ಸವರುವ ಶಿಸ್ತು ಇದ್ದವರಿಗೆ ಅದು ಕೊಡುವ ಹರಿತ ಹಾಗೂ ಸಾಣೆಯ ಸುಲಭ ಬೇರೆಯದಕ್ಕಿಲ್ಲ. ಆ ಶಿಸ್ತು ಇಲ್ಲದವರು ಸ್ಟೇನ್‌ಲೆಸ್ ಕೊಳ್ಳುವುದೇ ಲೇಸು. ಮಾವು, ಹುಣಸೆಯಂಥ ಹುಳಿಯ ಮೇಲೆ ಬಳಸಿದಾಗ ಇಂಗಾಲದ ಉಕ್ಕಿನ ಮೇಲೆ ಮೂಡುವ ನೀಲಿ-ಬೂದು ಕಲೆ ತುಕ್ಕಲ್ಲ. ಅದನ್ನು ಉಜ್ಜಿ ತೆಗೆಯಬೇಕಿಲ್ಲ.

ಕುಲುಮೆಯ ದಾರಿ

ಸೀಳುವ ಹತ್ಯಾರದ ವಿಷಯದಲ್ಲಿ ಪರದೇಶದ ಪಟ್ಟಿ ತಿರುವಿಹಾಕುವ ಅಗತ್ಯವೇ ಇಲ್ಲ. ಈ ನಾಲ್ಕು ತಾಲ್ಲೂಕುಗಳ ಸಂತೆಗಳಲ್ಲಿ ಕೊಯ್ತಾ, ಕುಡಗೋಲು, ಕೊಡಲಿ ಸಿಗುತ್ತವೆ. ಅವನ್ನು ಬಡಿದು ಹದ ಮಾಡುವ ಕಂಬಾರರ ಕುಲುಮೆಗಳು ಕಡಿಮೆಯಾಗಿರಬಹುದು, ಇಲ್ಲವಾಗಿಲ್ಲ. ಯಂತ್ರದಲ್ಲಿ ಅಚ್ಚೊತ್ತಿದ ಅಗ್ಗದ ಕೊಯ್ತಾಗಳು ಬಂದಮೇಲೆ ಕಂಬಾರರ ಪಾಲಿಗೆ ಉಳಿದಿರುವುದು ಹೆಚ್ಚಾಗಿ ಹಳೆಯದನ್ನು ಹಣಿಯುವ ಕೆಲಸ. ಹವ್ಯಾಸಿಗಳು ಹೊಸ ಗಿರಾಕಿಗಳಾಗಿ ಬಂದರೆ ಇಬ್ಬರಿಗೂ ಲಾಭವೇ. ಕಾರ್ಖಾನೆಯಲ್ಲಿ ಸಿಗದ ಅಳತೆಯನ್ನು ಕಂಬಾರರು ಕೈಗೆ ತಕ್ಕಂತೆ ಮಾಡಿಕೊಡಬಲ್ಲರು.

ಕಂಬಾರರು ಮೆಚ್ಚುವ ಕಚ್ಚಾವಸ್ತು ಲಾರಿಯ ಹಳೆಯ ಕಮಾನುಪಟ್ಟಿ. ಅದರಲ್ಲಿ ಶೇಕಡಾ ಅರ್ಧಕ್ಕಿಂತ ತುಸು ಹೆಚ್ಚು ಇಂಗಾಲವಿರುತ್ತದೆ. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಬಿರುಸಾಗುತ್ತದೆ, ಮತ್ತೆ ಹಗುರಾಗಿ ಕಾಯಿಸಿದರೆ ಬಾಗುವ ಗುಣ ಮರಳುತ್ತದೆ. ಈ ಎರಡನೆಯ ಹಂತವೇ ಹದ. ಇಲ್ಲಿ ಕೈಗುಣ ಬೇಕು. ಕಟ್ಟಡದ ಸಾಧಾರಣ ಸರಳಿನಲ್ಲಿ ಇಂಗಾಲ ಕಡಿಮೆಯಿರುವುದರಿಂದ ಎಷ್ಟು ಅದ್ದಿದರೂ ಅದು ಕೊಯ್ತಾ ಆಗದು.

ಕೊಳ್ಳುವಾಗ ಪರೀಕ್ಷೆಗೆ ಒಂದು ಅರ ಸಾಕು. ಅಲಗಿನ ತುದಿಗೆ ಅರ ಆಡಿಸಿದಾಗ ಬೆಣ್ಣೆಯಂತೆ ಕೆರೆದು ಬಂದರೆ ಹದವಾಗಿಲ್ಲ ಎಂದರ್ಥ. ಗಾಜಿನ ಮೇಲೆ ಜಾರಿದಂತೆ ಜಾರಿದರೆ ಅತಿಯಾಗಿದೆ, ಗಂಟಿಗೆ ಬಡಿದಾಗ ಚೂರು ಹಾರೀತು. ಒತ್ತಿದರೆ ಮಾತ್ರ ಕಚ್ಚುವುದು ಸರಿಯಾದ ಹದ. ಹಿಡಿಯೊಳಗೆ ಸೇರುವ ಬಾಲ ಎಷ್ಟು ಉದ್ದವಿದೆ, ಹಿಡಿಯ ಬಾಯಿಗೆ ಕಬ್ಬಿಣದ ಬಳೆ ಬಿಗಿದಿದ್ದಾರೆಯೇ ಎಂಬುದನ್ನೂ ನೋಡಬೇಕು. ಬೀಸುವಾಗ ಹಿಡಿಯಿಂದ ಕಳಚಿ ಹಾರಿದ ಅಲಗು ಎದುರಿಗಿದ್ದವರನ್ನು ಕೇಳಿಕೊಂಡು ಬರುವುದಿಲ್ಲ. ಕೊಡಲಿಯ ಕಾವಿಗೆ ದಿಂಡಿಗ ಮರ ಹೆಸರುವಾಸಿ. ಪೆಟ್ಟನ್ನು ತಡೆದು ಬಾಗುವ ಗುಣದಿಂದ ಬಂಡಿಯ ಅಚ್ಚಿಗೂ ಅದು ಬಳಕೆಯಾಗುತ್ತಿತ್ತು.

ಉಕ್ಕಿನ ವಿಷಯದಲ್ಲಿ ಕನ್ನಡನಾಡು ಜಗತ್ತಿಗೆ ಪದವನ್ನೇ ಕೊಟ್ಟಿದೆ ಎಂಬುದನ್ನು ಹಲವರು ಮರೆತಿದ್ದಾರೆ. ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ 1795ರಲ್ಲಿ ಜಾರ್ಜ್ ಪಿಯರ್ಸನ್ ಪ್ರಬಂಧ ಮಂಡಿಸಿದ್ದು ದಕ್ಷಿಣ ಭಾರತದ 'ವೂಟ್ಸ್' ಎಂಬ ಉಕ್ಕಿನ ಕುರಿತು. ಆ ಹೆಸರು ಕನ್ನಡದ 'ಉಕ್ಕು' ಪದದಿಂದ ಹುಟ್ಟಿದ್ದೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ.

ಗರಗಸದ ಹಲ್ಲು

ಬಡಿಗರ ದೊಡ್ಡ ಗರಗಸ ಮುಂದಕ್ಕೆ ತಳ್ಳಿದಾಗ ಕೊಯ್ಯುತ್ತದೆ. ಚೀಲದಲ್ಲಿ ಒಯ್ಯುವ ಮಡಿಚುಗರಗಸಗಳಲ್ಲಿ ಬಹುಪಾಲು ಜಪಾನಿನ ಪದ್ಧತಿಯಂತೆ ಹಿಂದಕ್ಕೆ ಎಳೆದಾಗ ಕೊಯ್ಯುತ್ತವೆ. ಎಳೆಯುವಾಗ ಅಲಗು ತಾನೇ ನೆಟ್ಟಗಾಗುವುದರಿಂದ ಅದನ್ನು ತೆಳುವಾಗಿ ಮಾಡಬಹುದು. ತೆಳುವಾದಷ್ಟೂ ಶ್ರಮ ಕಡಿಮೆ. ಆದರೆ ಇಂಥ ಗರಗಸವನ್ನು ಅಭ್ಯಾಸಬಲದಿಂದ ಜೋರಾಗಿ ತಳ್ಳಿದವರು ಮೊದಲ ದಿನವೇ ಅಲಗನ್ನು ಬಾಗಿಸಿಕೊಂಡು ಬರುತ್ತಾರೆ.

ಅಲಗಿನ ಉದ್ದ ಕೊಯ್ಯಬೇಕಾದ ಟೊಂಗೆಯ ದಪ್ಪದ ಎರಡರಷ್ಟಾದರೂ ಇರಬೇಕು. ಇಲ್ಲವಾದರೆ ಹೊಟ್ಟು ಹೊರಬೀಳದೆ ಸೀಳಿನಲ್ಲೇ ತುಂಬಿಕೊಳ್ಳುತ್ತದೆ. 18ರಿಂದ 21 ಸೆಂಟಿಮೀಟರ್ ಅಲಗು ಮುಂಗೈ ದಪ್ಪದ ಟೊಂಗೆಗೆ ಧಾರಾಳವಾಯಿತು. ಹಸಿ ಮರಕ್ಕೆ ಅಂಗುಲಕ್ಕೆ ಆರೇಳು ಹಲ್ಲುಗಳಿರುವ ಒರಟು ಗರಗಸ, ಒಣ ಮರ ಹಾಗೂ ಬಿದಿರಿಗೆ ಹತ್ತಕ್ಕಿಂತ ಹೆಚ್ಚು ಹಲ್ಲುಗಳ ನಯವಾದ ಗರಗಸ ಸೂಕ್ತ. ಹಲ್ಲುಗಳನ್ನು ಎಡಕ್ಕೊಂದು ಬಲಕ್ಕೊಂದು ತುಸು ಬಾಗಿಸಿರುವುದನ್ನು ಗಮನಿಸಿ. ಸೀಳು ಅಲಗಿಗಿಂತ ಅಗಲವಾಗಿ, ಗರಗಸ ಸಿಕ್ಕಿಕೊಳ್ಳದಂತೆ ಮಾಡುವುದು ಆ ಬಾಗು. ಹಲ್ಲುಗಳ ತುದಿ ನೀಲಿಗಪ್ಪಾಗಿದ್ದರೆ ಅವನ್ನು ಕಾರ್ಖಾನೆಯಲ್ಲಿ ವಿಶೇಷವಾಗಿ ಬಿರುಸುಗೊಳಿಸಲಾಗಿದೆ ಎಂದು ತಿಳಿಯಬೇಕು. ಅವು ಬಹುಕಾಲ ಹರಿತ ಉಳಿಸಿಕೊಳ್ಳುತ್ತವೆ, ಆದರೆ ಮೊಂಡಾದ ಮೇಲೆ ಅರಕ್ಕೆ ಬಗ್ಗುವುದಿಲ್ಲ. ಬದಲಿ ಅಲಗು ಸಿಗುವ ಗರಗಸವನ್ನೇ ಕೊಳ್ಳಬೇಕೆನ್ನುವುದು ಇದಕ್ಕಾಗಿ. ಹಳೆಯ ಮಾದರಿಯ ಗರಗಸವಾದರೆ ಮೂರುಮೂಲೆಯ ಅರ ಹಿಡಿದು ಊರ ಬಡಿಗರೇ ಹಲ್ಲು ಕಡೆದುಕೊಡುತ್ತಾರೆ. ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಅಲಗನ್ನು ಮರಕ್ಕೆ ಬಳಸುವುದು ಬರೀ ಆಯಾಸ.

ಬಿದಿರಿನ ಕ್ರಮವೇ ಬೇರೆ. ಒಂದೇ ಬದಿಯಿಂದ ಕೊಯ್ದರೆ ಕೊನೆಗೆ ಸಿಪ್ಪೆ ಉದ್ದಕ್ಕೆ ಹರಿದು ಬರುತ್ತದೆ. ಗಳವನ್ನು ಉರುಳಿಸುತ್ತ ಸುತ್ತಲೂ ಕೊಯ್ದರೆ ಅಂಚು ನಯವಾಗುತ್ತದೆ. ಬಳಿಕ ಸೀಳಲು ಹರಿತಕ್ಕಿಂತ ಬೆಣೆಯಂಥ ದಪ್ಪ ಅಲಗು ಬೇಕು. ಮೇದಾರರು ಕತ್ತಿಯನ್ನು ಮೊದಲ ಗೆಣ್ಣಿಗೆ ಇಳಿಸಿ, ಆಮೇಲೆ ಕೈಯಿಂದಲೇ ಎರಡೂ ಸೀಳನ್ನು ಸಮನಾಗಿ ಬಾಗಿಸುತ್ತ ಇಡೀ ಗಳವನ್ನು ಹೋಳು ಮಾಡುವುದನ್ನು ನೋಡಿಯೇ ಕಲಿಯಬೇಕು. ಸೀಳಿದ ಬಿದಿರಿನ ಅಂಚು ಚಾಕುವಿನಷ್ಟೇ ಕೊಯ್ಯುತ್ತದೆ ಎಂಬುದು ಹೊಸಬರಿಗೆ ರಕ್ತ ಬಂದಮೇಲೇ ತಿಳಿಯುವುದು.

ಮರದ ಮೇಲಿನ ಟೊಂಗೆ ಕೊಯ್ಯುವುದಾದರೆ ಮೊದಲು ಕೆಳಗಿನಿಂದ ಮೂರರಲ್ಲಿ ಒಂದು ಭಾಗ ಕೊಯ್ದು, ಆನಂತರ ತುಸು ಮುಂದೆ ಮೇಲಿನಿಂದ ಇಳಿಯಬೇಕು. ಹಾಗೆ ಮಾಡದಿದ್ದರೆ ಬೀಳುವ ಟೊಂಗೆ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಬೀಳುತ್ತದೆ, ಮರಕ್ಕೆ ರೋಗ ತಗಲುತ್ತದೆ.

ಕಾನೂನು ಏನೆನ್ನುತ್ತದೆ

ಈ ವಿಷಯದಲ್ಲಿ ಗೊಂದಲ ಹೆಚ್ಚು. 1959ರ ಆಯುಧ ಕಾಯ್ದೆ ಗೃಹಬಳಕೆ ಹಾಗೂ ಕೃಷಿಗೆಂದೇ ರೂಪಿಸಿದ ವಸ್ತುಗಳನ್ನು ಆಯುಧವೆಂದು ಪರಿಗಣಿಸುವುದಿಲ್ಲ. 2016ರ ಆಯುಧ ನಿಯಮಗಳ ಅನುಸೂಚಿಯಲ್ಲಿ ಒಂಬತ್ತು ಅಂಗುಲಕ್ಕಿಂತ ಉದ್ದ ಅಥವಾ ಎರಡು ಅಂಗುಲಕ್ಕಿಂತ ಅಗಲವಾದ ಅಲಗಿನ ಚೂರಿ, ಕಠಾರಿಗಳು ಸೇರಿವೆ. ಅಲ್ಲಿಯೂ ಮನೆ, ಕೃಷಿ, ವೈಜ್ಞಾನಿಕ ಹಾಗೂ ಕೈಗಾರಿಕಾ ಬಳಕೆಯ ಸಾಧನಗಳಿಗೆ ವಿನಾಯಿತಿ ಇದೆ. ಹೊಲಕ್ಕೆ ಹೊರಟ ರೈತರ ಕೈಯ ಕೊಯ್ತಾ ಕೃಷಿ ಸಾಧನವೇ. ಅದೇ ಕೊಯ್ತಾ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬಂಕಾಪುರದ ಬಳಿ ರಾತ್ರಿ ತಪಾಸಣೆಗೆ ನಿಲ್ಲಿಸಿದ ಕಾರಿನ ಸೀಟಿನ ಕೆಳಗೆ ಸಿಕ್ಕರೆ ವಿವರಣೆ ಕೊಡುವುದು ಕಷ್ಟ. ಆದ್ದರಿಂದ ಚಿಕ್ಕ ಚಾಕು, ಮಡಿಚುಗರಗಸ ಸಾಕೆನ್ನುವುದು. ಇವೆರಡನ್ನೂ ಒರೆಯಲ್ಲಿಟ್ಟು, ಉಳಿದ ಸಾಮಾನಿನ ಜೊತೆ ಡಿಕ್ಕಿಯಲ್ಲಿ ಕಟ್ಟಿಡಬೇಕು. ಚುನಾವಣೆ ಅಥವಾ ಉದ್ವಿಗ್ನತೆಯ ವೇಳೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನ ಅಡಿ ನಿಷೇಧಾಜ್ಞೆ ಜಾರಿಯಾದರೆ ಹರಿತವಾದ ವಸ್ತುಗಳನ್ನು ಒಯ್ಯುವುದಕ್ಕೂ ನಿರ್ಬಂಧ ಹೇರಬಹುದು. 2024ರ ಜುಲೈ 1ಕ್ಕೆ ಮುನ್ನ ಇದೇ 144ನೇ ಕಲಂ ಎಂದು ಪರಿಚಿತವಾಗಿತ್ತು.

ಅರಣ್ಯದೊಳಗಿನ ಕಟ್ಟಳೆ ಇನ್ನೂ ಬಿಗಿ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯದಲ್ಲಿ ಮರ ಕಡಿಯುವುದಷ್ಟೇ ಅಲ್ಲ, ಟೊಂಗೆ ಸವರುವುದೂ ಅಪರಾಧ. ಬಳಸಿದ ಹತ್ಯಾರ, ಬಂದ ವಾಹನ ಎರಡನ್ನೂ ವಶಪಡಿಸಿಕೊಳ್ಳಲು ಅಧಿಕಾರಿಗಳಿಗೆ ಅವಕಾಶವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಚಾಕು ಸಹ 'ಆಯುಧ'ದ ವ್ಯಾಖ್ಯೆಯೊಳಗೆ ಬರುತ್ತದೆ. ಲಿಖಿತ ಅನುಮತಿಯಿಲ್ಲದೆ ಅದನ್ನು ಅಭಯಾರಣ್ಯಕ್ಕೆ ಒಯ್ಯುವಂತಿಲ್ಲ. ಜಿಲ್ಲೆಯ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯಕ್ಕೆ ಹೋಗುವವರು ಚಾಕುವನ್ನು ಮನೆಯಲ್ಲೇ ಬಿಡುವುದು ಕ್ಷೇಮ. ಬಂಕಾಪುರ ಕೋಟೆಯ ನವಿಲುಧಾಮವೂ ಕೆತ್ತನೆಗೆ ಕೂರುವ ಜಾಗವಲ್ಲ.

ಖಾಸಗಿ ಜಮೀನಿನಲ್ಲಿ ಸಹ ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು. ತೆಂಗು, ನೀಲಗಿರಿ, ಸರ್ವೆ, ಸುಬಾಬುಲ್, ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿಯಿದೆ. ಶ್ರೀಗಂಧದ ತುಂಡು ದಾರಿಯಲ್ಲಿ ಬಿದ್ದಿದ್ದರೂ ಮುಟ್ಟದಿರುವುದೇ ಜಾಣತನ. ಮಾಲೀಕರ ಒಪ್ಪಿಗೆಯಿಂದ ಪಡೆದ ಸವರಿದ ಟೊಂಗೆಯೇ ಹವ್ಯಾಸಿಗೆ ನಿರಾತಂಕವಾದ ಮರ.

ಒಯ್ಯುವ ಬಗೆ, ಕೂರುವ ಬಗೆ

ಶಿರಸಿ, ಸೊರಬದ ಕಡೆ ತೋಟದ ಕೆಲಸಗಾರರು ಸೊಂಟದ ಹಿಂದಿನ ಕೊಕ್ಕೆಗೆ ಕತ್ತಿಯನ್ನು ಸಿಕ್ಕಿಸಿಕೊಂಡು ನಿರಾಯಾಸವಾಗಿ ಓಡಾಡುತ್ತಾರೆ. ಅದು ದಿನವಿಡೀ ಕತ್ತಿಯೊಡನೆ ಬದುಕುವವರ ಮಾತು. ವರ್ಷಕ್ಕೆ ನಾಲ್ಕು ಬಾರಿ ಹಿಡಿಯುವವರಿಗೆ ದಪ್ಪ ಚರ್ಮದ ಒರೆಯೇ ಗತಿ. ಜಾರುವ ಕೆರೆದಂಡೆಯ ಮೇಲೆ, ಮಾಸೂರು ಬಳಿಯ ಮದಗದ ಕೆರೆಯಂಥಲ್ಲಿ, ತೆರೆದ ಚಾಕು ಹಿಡಿದು ನಡೆಯುವುದಂತೂ ಸಲ್ಲದು.

ಕೆತ್ತಲು ಕುಳಿತವರ ತೋಳಳತೆಯೊಳಗೆ ಯಾರೂ ಇರಬಾರದು. ತೊಡೆಗಳ ನಡುವೆ ಮರ ಹಿಡಿದು ಕೆತ್ತುವುದು ಅತ್ಯಂತ ಅಪಾಯಕರ ಭಂಗಿ, ಏಕೆಂದರೆ ಒಳತೊಡೆಯ ದೊಡ್ಡ ರಕ್ತನಾಳ ಕೊಯ್ದರೆ ನಿಮಿಷಗಳಲ್ಲಿ ಪ್ರಾಣಕ್ಕೆ ಕುತ್ತು. ಮರವನ್ನು ಮೊಣಕಾಲಿನ ಆಚೆ, ಒಂದು ಬದಿಗೆ ಹಿಡಿಯಬೇಕು. ಗಾಯವಾದರೆ ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ನಿಂತಿತೇ ಎಂದು ನಡುವೆ ಬಿಚ್ಚಿ ನೋಡಬಾರದು. ಅರಿಸಿನ, ಕಾಫಿಪುಡಿ ತುಂಬುವುದು ವೈದ್ಯರ ಕೆಲಸವನ್ನು ಹೆಚ್ಚಿಸುತ್ತದೆ ಅಷ್ಟೆ. ರಕ್ತ ಚಿಮ್ಮುತ್ತಿದ್ದರೆ 108ಕ್ಕೆ ಕರೆ ಮಾಡಬೇಕು. ಧನುರ್ವಾಯು ಚುಚ್ಚುಮದ್ದಿನ ಅವಧಿ ಮೀರಿದ್ದರೆ ಅದೇ ದಿನ ಹಾಕಿಸಿಕೊಳ್ಳಬೇಕು.

ಮೊಂಡು ಚಾಕು ಹರಿತವಾದುದಕ್ಕಿಂತ ಹೆಚ್ಚು ಗಾಯ ಮಾಡುತ್ತದೆ. ಬಲ ಹಾಕಿದಾಗ ಜಾರುವುದೇ ಅದರ ಸ್ವಭಾವ. ಚಾಕುವಿಗೆ ಪ್ರತಿ ಬದಿಗೆ ಸುಮಾರು 20 ಡಿಗ್ರಿ ಕೋನ ಸಾಕು, ಕೊಯ್ತಾಗೆ 25ರಿಂದ 30 ಡಿಗ್ರಿ. ಬೀದಿಯ ವಿದ್ಯುತ್ ಸಾಣೆಗೆ ಕೊಟ್ಟರೆ ಕಿಡಿ ಹಾರಿ ಅಂಚು ನೀಲಿಯಾಗುವುದುಂಟು. ನೀಲಿಯಾದಲ್ಲಿ ಹದ ಹೋಯಿತೆಂದೇ ಲೆಕ್ಕ. ನೀರು ಹಾಕಿ ಕಲ್ಲಿನ ಮೇಲೆ ಮಸೆಯುವ ಹಳೆಯ ಕ್ರಮದಲ್ಲಿ ಈ ಭಯವಿಲ್ಲ.

ಮರದ ಹಿಡಿಗೆ ಅಗಸಿ ಎಣ್ಣೆ ಒಳ್ಳೆಯದು. ಅದು ಒಣಗಿ ಪದರವಾಗಿ ಕೂರುತ್ತದೆ. ಅದೇ ಕಾರಣಕ್ಕೆ ಅಲಗಿಗೆ ಅದು ಬೇಡ, ಅಂಟಾಗುತ್ತದೆ. ಆಹಾರಕ್ಕೂ ಬಳಸುವ ಅಲಗಾದರೆ ತೆಳುವಾಗಿ ಕೊಬ್ಬರಿ ಎಣ್ಣೆ, ಗರಗಸಕ್ಕೆ ಹೊಲಿಗೆ ಯಂತ್ರದ ಎಣ್ಣೆ ಸವರಬಹುದು. ಚರ್ಮದ ಒರೆ ತೇವ ಹಿಡಿದಿಡುವುದರಿಂದ ಮಳೆಗಾಲದ ತಿಂಗಳುಗಳಲ್ಲಿ ಚಾಕುವನ್ನು ಒರೆಯಿಂದ ಹೊರತೆಗೆದು, ಕಾಗದದಲ್ಲಿ ಸುತ್ತಿ, ಮಕ್ಕಳ ಕೈಗೆಟುಕದ ಕಡೆ ಇಡಬೇಕು. ವರ್ಷಕ್ಕೊಮ್ಮೆ ಖಂಡೇನವಮಿಗೆ ಹತ್ಯಾರಗಳನ್ನೆಲ್ಲ ಹೊರತೆಗೆದು ತೊಳೆದು ಪೂಜಿಸುವ ಮನೆಗಳಲ್ಲಿ ಹಿಡಿ ಸಡಿಲವಾದದ್ದು, ಹಲ್ಲು ಮುರಿದದ್ದು ಅಂದೇ ಗೊತ್ತಾಗುತ್ತದೆ. ಹಬ್ಬದ ಹಿಂದಿನ ವಾರ ಕುಲುಮೆಗಳಲ್ಲಿ ಕೆಲಸದ ಒತ್ತಡ ಹೆಚ್ಚಿರುವುದರಿಂದ ಹಣಿಸಬೇಕಾದ ಕೊಯ್ತಾ ಇದ್ದರೆ ಅದಕ್ಕೂ ಮುಂಚೆಯೇ ಕೊಡುವುದು ಅನುಕೂಲ.